ಹೂದೋಟದ ಲೈಸೆನ್ಸು ಯಾರ ಹೆಸರಿಗೆ?



ಪೋಸ್ಟ್ ಉದ್ದ ಐತಿ, ಸಮಾಧಾನದಿಂದ ಓದ್ರಿ. ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯ ನಮ್ಮ ಹುಡುಗರು ಈಗೀಗ ಒಂದು ಪ್ರಶ್ನೆ ಕೇಳಾಕತ್ತಾರ: "ಅಣ್ಣಾ, ಪುರಸಭೆ ಪಾರ್ಕಿನ ಕೆಲಸ, ಗಿಡ ಹಚ್ಚೋದು, ಲಾನ್ ಹಾಕೋದು, ಇದರ ಟೆಂಡರ್ ಹಿಡೀಬೇಕಂದ್ರ ಯಾವ ಲೈಸೆನ್ಸ್ ಬೇಕು?" ಒಳ್ಳೆ ಪ್ರಶ್ನೆ. ಸಕ್ಕರೆ ಕಾರ್ಖಾನೆ ಆವರಣ, ಕಾಲೇಜು, ಹೊಸ ಲೇಔಟು, ಕಲ್ಯಾಣ ಮಂಟಪ, ಎಲ್ಲಾ ಕಡೆ ಈಗ ಹಸಿರು ಬೇಕು. ಕೆಲಸ ಬಲ್ಲವರು ನಮ್ಮವರೇ. ಬಿಲ್ಲು ಮಾತ್ರ ಬೇರೆಯವರ ಹೆಸರಿಗೆ.

ಮೊದಲು ನೇರ ಉತ್ತರ. "ಉದ್ಯಾನ ಗುತ್ತಿಗೆದಾರ" ಅಂತ ಪ್ರತ್ಯೇಕ ಲೈಸೆನ್ಸ್ ಕೊಡುವ ಕಾಯ್ದೆ ಕರ್ನಾಟಕದಲ್ಲಿ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೆ, ಅಲ್ಲಿ ಸಿ-27 ಅನ್ನೋ ವರ್ಗವೇ ತೋಟ-ಹುಲ್ಲುಹಾಸಿನ ಗುತ್ತಿಗೆದಾರರಿಗೆ ಮೀಸಲು. ನಮ್ಮ ದೇಶದಲ್ಲೂ ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದ್ರೆ ಸಿಪಿಡಬ್ಲ್ಯುಡಿ, ತೋಟಗಾರಿಕೆ ಗುತ್ತಿಗೆದಾರರನ್ನ ಬೇರೆಯಾಗಿ ನೋಂದಾಯಿಸಿಕೊಳ್ಳುತ್ತೆ. ನಮ್ಮಲ್ಲಿ ಹಂಗಿಲ್ಲ. ರಸ್ತೆ, ಗಟಾರ, ಕಟ್ಟಡ ಮಾಡುವವನಿಗೆ ಕೊಡುವ ಅದೇ ಪಿಡಬ್ಲ್ಯುಡಿ ಕ್ಲಾಸ್ ಲೈಸೆನ್ಸು; ಒಂದನೇ ದರ್ಜೆಯಿಂದ ನಾಲ್ಕನೇ ದರ್ಜೆ ತನಕ. ಅದರ ಮೇಲೆ ಜಿಎಸ್‌ಟಿ, ಪಿಎಫ್, ಇಎಸ್‌ಐ, ಆನ್‌ಲೈನ್ ಟೆಂಡರಿಗೆ ಡಿಜಿಟಲ್ ಸಹಿ. ಮರ ಕಡಿಯೋದಿದ್ರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಮಿನ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ. ಕೀಟನಾಶಕ ಹೊಡೆಯೋದನ್ನೇ ದಂಧೆಯಾಗಿ ಮಾಡಿದ್ರೆ 1968ರ ಕೀಟನಾಶಕ ಕಾಯ್ದೆಯ ಲೈಸೆನ್ಸು.

ಇಷ್ಟು ಕಾಗದ ಅಷ್ಟೆ. ಆದ್ರೆ ಈ ಕಾಗದ ನಮ್ಮ ಕೈಗೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಒಂದು ಇತಿಹಾಸ ಐತಿ. ಅದು ಗೊತ್ತಿಲ್ಲದೆ ಆಫೀಸಿಗೆ ಹೋದ್ರೆ "ನಿಮ್ಮವರಿಗೆ ಅರ್ಹತೆ ಇಲ್ಲ" ಅಂತ ಗುಮಾಸ್ತ ಹೇಳಿದಾಗ ಸುಮ್ಮನೆ ತಲೆ ಬಗ್ಗಿಸಿ ಬರಬೇಕಾಗ್ತದೆ.

ತೇರದಾಳ ಹಳೇ ಊರು. ಗೊಂಕ ಮಾಂಡಲಿಕ ಕಟ್ಟಿಸಿದ ಜೈನ ಬಸದಿ, ಅಲ್ಲಮಪ್ರಭುವಿನ ಗುಡಿ, 12ನೇ ಶತಮಾನದ ಶಾಸನ, ಇವೆಲ್ಲ ನಮ್ಮೂರ ಹೆಮ್ಮೆ ಅಂತ ಶಾಲೆಯಲ್ಲಿ ಓದಿದ್ದೀವಿ. ಕನ್ನಡ ನಾಡಿನ ದಾನಶಾಸನಗಳನ್ನ ತೆಗೆದು ನೋಡ್ರಿ, ಗುಡಿಗೆ ಹೊಲ ಬಿಟ್ಟಂಗೆ ಹೂದೋಟ ಬಿಟ್ಟದ್ದೂ ಸಿಕ್ಕಾಪಟ್ಟೆ ಬರ್ತದೆ. ದಾನ ಕೊಟ್ಟವನ ಹೆಸರು, ಅವನ ವಂಶ, ಅವನ ಬಿರುದು, ತೋಟದ ಅಳತೆ, ನಾಲ್ಕೂ ದಿಕ್ಕಿನ ಗಡಿ, ದಾನ ಕೆಡಿಸಿದವನಿಗೆ ತಟ್ಟೋ ಶಾಪ, ಎಲ್ಲಾ ಕಲ್ಲಿನಲ್ಲಿ ಇರ್ತದೆ. ತೋಟ ಅಗೆದವನ ಹೆಸರು ಹುಡುಕಿದ್ರೆ ಸಿಗೋದು ಬಹಳ ಕಡಿಮೆ. ಬಾವಿ ತೋಡಿದವನದೂ ಅಷ್ಟೆ. ಇದನ್ನ ನಮ್ಮ ಪುರಸಭೆ ಪಾರ್ಕಿನ ಗ್ರಾನೈಟ್ ಫಲಕದ ಜೊತೆ ಇಟ್ಟು ನೋಡ್ರಿ: ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಗುತ್ತಿಗೆದಾರರು. ಒಂಬೈನೂರು ವರ್ಷದಲ್ಲಿ ಫಲಕಕ್ಕೆ ಹೊಸದಾಗಿ ಸೇರಿದ್ದು ಗುತ್ತಿಗೆದಾರ ಒಬ್ಬನೇ!

ಊರಿನ ಕೆಲಸ ಹೆಂಗ ಹಂಚಿಕೆ ಆಗಿತ್ತು? ಹೂವು-ಪತ್ರಿ ಹೂಗಾರರಿಗೆ, ತೋಟ-ಕಾಯಿಪಲ್ಲೆ ಮಾಳಿಗಳಿಗೆ, ಮಣ್ಣು-ಕಲ್ಲು ವಡ್ಡರಿಗೆ. ಉಳಿದದ್ದೆಲ್ಲಾ, ಅಂದ್ರೆ ಚಾವಡಿ ಮುಂದಿನ ಕಸ, ಸತ್ತ ದನ, ಸರಕಾರಿ ಟಪಾಲು, ಸಾಹೇಬರ ಬಿಡಾರದ ಕಟ್ಟಿಗೆ, ಗಡಿಕಲ್ಲು ಕಾಯೋದು, ಹೊಲಗೇರಿಗೆ. ಮುಂಬೈ ಸರ್ಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿ ಈ ವ್ಯವಸ್ಥೆಗೆ ಕಾನೂನಿನ ಮುದ್ರೆ ಒತ್ತಿತು. ಅದರ ಹೆಸರು ವತನ. ಕೇಳೋಕೆ ಗೌರವದ ಪದ. ಗೌಡ, ಕುಲಕರ್ಣಿಗೂ ವತನ, ನಮಗೂ ವತನ. ಫರಕು ಏನಂದ್ರೆ, ಅವರದು ಅಧಿಕಾರದ ಹುದ್ದೆ, ನಮ್ಮದು ಕಾನೂನಿನ ಭಾಷೆಯಲ್ಲೇ "ಕನಿಷ್ಠ" ಹುದ್ದೆ. ಒಂದು ತುಂಡು ಜಮೀನು, ಸುಗ್ಗಿಯಲ್ಲಿ ಒಂದಿಷ್ಟು ಆಯ. ಅದಕ್ಕೆ ಪ್ರತಿಯಾಗಿ ಹಗಲು ರಾತ್ರಿ ಕರೆದಾಗ ಹೋಗಬೇಕು. ಕೆಲಸ ಇಷ್ಟು, ಹೊತ್ತು ಇಷ್ಟು, ಕೂಲಿ ಇಷ್ಟು ಅನ್ನೋ ಕರಾರು ಇಲ್ಲ. ಬರಲ್ಲ ಅನ್ನೋ ಹಕ್ಕಂತೂ ಇಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವರ್ಕ್ ಆರ್ಡರ್ ಇಲ್ಲದ, ಮುಗಿಯೋ ತಾರೀಖಿಲ್ಲದ ಗುತ್ತಿಗೆ.

ಬಾಬಾಸಾಹೇಬರು 1928ರ ಮಾರ್ಚಿನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಈ 1874ರ ಕಾಯ್ದೆಗೇ ತಿದ್ದುಪಡಿ ಮಸೂದೆ ತಂದರು. ವತನದಿಂದ ಬಿಡುಗಡೆ ಬೇಕಂದವರಿಗೆ ಬಿಡುಗಡೆ, ಯಾರಿಗೆ ಯಾವ ಕೆಲಸ ಮಾಡಬೇಕು ಅನ್ನೋದು ಸ್ಪಷ್ಟ, ಸಂಬಳ ಖಾತ್ರಿ, ಇದು ಅದರ ಸಾರ. ಮಸೂದೆ ಪಾಸಾಗಲಿಲ್ಲ. ಮೇಲ್ಜಾತಿ ಸದಸ್ಯರು ಮತ್ತು ಸರ್ಕಾರ ಅದನ್ನ ಹಿಂಡಿ ಹಿಪ್ಪೆ ಮಾಡಿದ ಮೇಲೆ ಅವರೇ ವಾಪಸ್ ತಗೊಂಡರು. ನಾನು ಇದನ್ನ ಗುತ್ತಿಗೆ ಕಾನೂನಿನ ಇತಿಹಾಸದಲ್ಲಿ ಮೊದಲ ಅಧ್ಯಾಯ ಅಂತಲೇ ಓದ್ತೀನಿ. ಅವರು ಕೇಳಿದ್ದು ದಯೆ ಅಲ್ಲ, ಕರಾರು.

ಇನ್ನು ವಡ್ಡರು, ಕೊರಚರು, ಹರಣಶಿಕಾರಿಗಳ ಕಥೆ. ನಮ್ಮ ಕಡೆ "ಪರ್ಮಿಟ್" ಅನ್ನೋ ಶಬ್ದ ಬಡವರಿಗೆ ಮೊದಲು ಪರಿಚಯ ಆಗಿದ್ದು ವ್ಯಾಪಾರ ಮಾಡೋಕಲ್ಲ, ನಡೆಯೋಕೆ. ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕೆಳಗೆ 1910ರ ಆಸುಪಾಸು ವಿಜಯಪುರದಲ್ಲಿ ಸೆಟ್ಲ್‌ಮೆಂಟ್ ಶುರುವಾಯ್ತು. ಸ್ಟಾರ್ಟ್ ಅನ್ನೋ ಐಸಿಎಸ್ ಅಧಿಕಾರಿ ಅದರ ಉಸ್ತುವಾರಿ. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರದಲ್ಲೂ ಆದವು. ಸುತ್ತ ಬೇಲಿ, ಹಾಜರಿ, ಹೊರಗೆ ಹೋಗಬೇಕಂದ್ರೆ ಪಾಸು. ಗಂಟಿಚೋರರು ಅಂತ ಸರ್ಕಾರ ಹೆಸರಿಟ್ಟವರಲ್ಲಿ ಗಿರಣಿ ವಡ್ಡರೂ ಇದ್ದರು. ಬೇಲಿಯೊಳಗಿನ ಮಂದಿ ಗಿರಣಿಗೆ, ರೈಲ್ವೆಗೆ ಕೂಲಿಯಾಗಿ ಹೋಗ್ತಿದ್ದರು. ಸರ್ಕಾರಿ ವರದಿಗಳಲ್ಲಿ ಇದಕ್ಕೆ "ಸುಧಾರಣೆ" ಅಂತ ಹೆಸರು. ಕೆರೆ ತೋಡಿ, ಏರಿ ಕಟ್ಟಿ, ಕಲ್ಲು ಒಡೆದು, ಮಣ್ಣಿನ ಇಳಿಜಾರು ಕಣ್ಣಳತೆಯಲ್ಲೇ ಹೇಳಬಲ್ಲ ಸಮುದಾಯಗಳು ಕಾಗದದ ಮೇಲೆ ಕಳ್ಳರಾದರು. ಅವರ ಮಣ್ಣಿನ ಜ್ಞಾನಕ್ಕೆ ಸರ್ಟಿಫಿಕೇಟ್ ಇಲ್ಲ, ಅವರ ಮೈಗೆ ಮಾತ್ರ ಪಾಸು. ಆ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

ಇಷ್ಟರಲ್ಲೇ ಪಕ್ಕದ ಕೊಲ್ಲಾಪುರದಲ್ಲಿ ಬೇರೆ ಒಂದು ಪ್ರಯೋಗ ನಡೆದಿತ್ತು. ತೇರದಾಳ ಆಗ ಸಾಂಗ್ಲಿ ಸಂಸ್ಥಾನದಲ್ಲಿ, ಪಟವರ್ಧನರ ಆಳ್ವಿಕೆ. ಜಮಖಂಡಿಯೂ ಪಟವರ್ಧನರದ್ದೇ, ಮುಧೋಳ ಘೋರ್ಪಡೆಯವರದು. ಕೊಲ್ಲಾಪುರ ಶಾಹು ಮಹಾರಾಜರದು. ಶಾಹು ಮಹಾರಾಜರು 1902ರಲ್ಲಿ ಶೇ. 50 ಮೀಸಲಾತಿ ಕೊಟ್ಟದ್ದು ಎಲ್ಲರಿಗೂ ಬಾಯಿಪಾಠ. ಆದ್ರೆ ನಮ್ಮ ಈ ವಿಷಯಕ್ಕೆ ಬೇಕಾದ್ದು ಅವರ ಇನ್ನೂ ಮೂರು ಕೆಲಸ. 1918ರಲ್ಲಿ ಮಹಾರ ವತನ ರದ್ದು ಮಾಡಿ ಜಮೀನನ್ನ ಅವರವರ ಹೆಸರಿಗೇ ಮಾಡಿದರು. ಅಸ್ಪೃಶ್ಯ ಸಮುದಾಯದವರಿಗೆ ವಕೀಲಿ ಸನದು ಕೊಟ್ಟರು. ಸನದು ಅಂದ್ರೆ ಲೈಸೆನ್ಸೇ ಅಲ್ಲೇನ್ರಿ? ಮೂರನೇದು ಗಂಗಾರಾಮ ಕಾಂಬಳೆಯವರ ಚಹಾ ಅಂಗಡಿ. ಸವರ್ಣರಿಂದ ಹೊಡೆತ ತಿಂದ ಆ ಮನುಷ್ಯನಿಗೆ ಅಂಗಡಿ ಹಾಕೋಕೆ ನೆರವು ಕೊಟ್ಟು, ಆಮೇಲೆ ತಾವೇ ಹೋಗಿ ಅಲ್ಲಿ ಚಹಾ ಕುಡಿದರು.

ಈ ಕಥೆಯನ್ನ ನಾವು ಭಾಷಣದಲ್ಲಿ ಭಾವುಕರಾಗಿ ಹೇಳ್ತೀವಿ, ಚಪ್ಪಾಳೆ ಬೀಳ್ತದೆ. ನಾನು ಅದನ್ನ ಅರ್ಥಶಾಸ್ತ್ರದ ಪಾಠ ಅಂತ ನೋಡ್ತೀನಿ. ಅಂಗಡಿ ಹಾಕೋಕೆ ಪರವಾನಗಿ ಕೊಟ್ಟು ಸುಮ್ಮನಿದ್ದರೆ ಅಸ್ಪೃಶ್ಯನ ಚಹಾ ಕುಡಿಯೋಕೆ ಯಾವನೂ ಬರ್ತಿರಲಿಲ್ಲ. ಮಹಾರಾಜ ಗಿರಾಕಿ ಆದರು. ಸರ್ಕಾರವೇ ಗಿರಾಕಿ ಆಗೋದು, ಇವತ್ತಿನ ಟೆಂಡರ್ ಮೀಸಲಾತಿ ಅಂದ್ರೆ ಇದೇ. ಕೊಲ್ಲಾಪುರ ನಮಗೆ ಏನೂ ದೂರ ಅಲ್ಲ, ಆದ್ರೆ ಸಾಂಗ್ಲಿಯ ಗಡಿ ದಾಟಿ ಆ ಚಹಾದ ವಾಸನೆ ತೇರದಾಳದ ಕೇರಿಗೆ ಆಗ ಬಡಿಯಲಿಲ್ಲ.

ಫುಲೆಯವರ ಮಾತೂ ಇಲ್ಲೇ ಹೇಳಿಬಿಡ್ತೀನಿ. ಮಹಾತ್ಮ ಫುಲೆ ಮಾಳಿ ಸಮುದಾಯದವರು. ಮನೆತನ ಪೇಶ್ವೆಗಳ ಅರಮನೆಗೆ ಹೂವು ಕೊಡ್ತಿತ್ತು, ಅದಕ್ಕೇ ಫುಲೆ ಅನ್ನೋ ಅಡ್ಡಹೆಸರು. ಅವರು ಗುತ್ತಿಗೆದಾರರೂ ಹೌದು! ಪೂನಾ ಕಮರ್ಷಿಯಲ್ ಅಂಡ್ ಕಾಂಟ್ರ್ಯಾಕ್ಟಿಂಗ್ ಕಂಪನಿ ಅವರದು. ಖಡಕವಾಸ್ಲಾ ಅಣೆಕಟ್ಟಿನ ಕೆಲಸಕ್ಕೆ ಸಾಮಗ್ರಿ ಪೂರೈಸಿದರು. 1876ರಿಂದ 1883ರ ತನಕ ಪುಣೆ ಮುನ್ಸಿಪಾಲಿಟಿ ಸದಸ್ಯರೂ ಆಗಿದ್ದರು. ಸತ್ಯಶೋಧಕ ಸಮಾಜಕ್ಕೆ ಬೆನ್ನೆಲುಬಾದವರಲ್ಲಿ ಮುಂಬೈಯಲ್ಲಿ ದೊಡ್ಡ ದೊಡ್ಡ ಕಟ್ಟಡ ಗುತ್ತಿಗೆ ಹಿಡಿದ ತೆಲುಗು ಶೂದ್ರ ಗುತ್ತಿಗೆದಾರರು ಇದ್ದರು. ಚಳವಳಿ ಬರೀ ಭಾಷಣದ ಮೇಲೆ ನಡೆದಿಲ್ಲ ಬಂಧುಗಳೇ, ಪತ್ರಿಕೆ ಅಚ್ಚಾಗೋಕೆ, ಶಾಲೆ ನಡೆಯೋಕೆ ಯಾರದೋ ಬಿಲ್ಲು ಪಾಸಾಗಬೇಕಿತ್ತು. ಆದ್ರೆ ಗಮನಿಸ್ರಿ, ಗುತ್ತಿಗೆ ಹಿಡಿಯೋಕೆ ಸಾಧ್ಯ ಆದದ್ದು ಶೂದ್ರರಿಗೆ. ಊರಾಚೆ ಇದ್ದವರಿಗೆ ಆಗಲೂ ಬುಟ್ಟಿ, ಸಲಿಕೆ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1942ರಲ್ಲಿ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಸಿಪಿಡಬ್ಲ್ಯುಡಿ ಅವರ ಇಲಾಖೆಯ ಕೆಳಗೇ ಇತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಅವರಿಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ದೊಡ್ಡ ಮನವಿ ಸಲ್ಲಿಸಿದರು. ನಮ್ಮ ಸಭೆಗಳಲ್ಲಿ ಅದರ ನೌಕರಿ ಭಾಗ, ಶಿಕ್ಷಣ ಭಾಗ ಮಾತ್ರ ಬರ್ತದೆ. ಸರ್ಕಾರಿ ಗುತ್ತಿಗೆಗಳಲ್ಲಿ ಪಾಲು ಬೇಕು ಅನ್ನೋ ಭಾಗವೂ ಅದರಲ್ಲಿ ಇದೆ. ಸಿಪಿಡಬ್ಲ್ಯುಡಿ ಗುತ್ತಿಗೆದಾರರ ಪಟ್ಟಿಯಲ್ಲಿ ನಮ್ಮವರ ಹೆಸರು ಇಲ್ಲವೆನ್ನುವಷ್ಟು ಕಡಿಮೆ ಅನ್ನೋದನ್ನ ಅವರು ಅಲ್ಲಿ ಎತ್ತಿ ತೋರಿಸಿದ್ರು. ತಾವೇ ನೋಡಿಕೊಳ್ಳೋ ಇಲಾಖೆಯ ಪಟ್ಟಿ ಅದು! ಪಾಲು ಕೊಟ್ಟು ಕರ್ನಾಟಕ ಕಾನೂನು ಮಾಡೋಕೆ ಅಲ್ಲಿಂದ ಎಪ್ಪತ್ತು ವರ್ಷದ ಮೇಲೆ ಹಿಡೀತು.

ಮುಂದಿನದು ಬೇಗ ಹೇಳ್ತೀನಿ. 1948ರ ಮಾರ್ಚಿನಲ್ಲಿ ಸಾಂಗ್ಲಿ, ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. 1956ರ ನವೆಂಬರ್ 1ಕ್ಕೆ ವಿಜಯಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಯ್ತು. ಆಫೀಸಿನ ಬೋರ್ಡು ಬದಲಾದಂಗೆ ಕೇರಿಯ ಬದುಕು ಬದಲಾಗಲಿಲ್ಲ.

ನಿಂತು ನೋಡಬೇಕಾದ್ದು 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆಯನ್ನ. 1963ರ ಫೆಬ್ರವರಿಯಿಂದ ಜಾರಿ. ಕಾನೂನಿನ ಪ್ರಕಾರ ವತನ ರದ್ದು, ಜಮೀನು ಸರ್ಕಾರಕ್ಕೆ, ಆಮೇಲೆ ನಿಗದಿ ಹಣ ಕಟ್ಟಿದ ವತನದಾರನಿಗೆ ಮರುಮಂಜೂರಿ. ನಿಗದಿ ಹಣ ಕಟ್ಟಬೇಕು ಅನ್ನೋದನ್ನ ಕೇರಿಗೆ ಬಂದು ಯಾರು ಹೇಳಬೇಕಿತ್ತು? ಅದೇ ಚಾವಡಿಯವರು. ಎಷ್ಟೋ ಜಮೀನು ಮರುಮಂಜೂರಿ ಆಗೋ ಮುಂಚೆಯೇ ಕೈಗಡ ಸಾಲಕ್ಕೆ, ಮದುವೆ ಸಾಲಕ್ಕೆ ಕೈ ಬಿಟ್ಟವು. 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗದಂಗೆ. ನಮಗೆಲ್ಲಾ ಅದರ ಮೇಲೆ ಬಹಳ ಪ್ರೀತಿ; 2023ರಲ್ಲಿ ಕಾಲಮಿತಿ ಅಡ್ಡಿ ತೆಗೆಸೋಕೆ ನಾವೆಲ್ಲ ಬೀದಿಗಿಳಿದಿದ್ದೀವಿ. ಆದ್ರೆ ಅದರ 3ನೇ ಕಲಮು ತೆಗೆದು ಓದ್ರಿ. "ಮಂಜೂರಾದ ಜಮೀನು" ಅಂದ್ರೆ ಏನು ಅನ್ನೋ ವ್ಯಾಖ್ಯೆಯಲ್ಲಿ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಜಮೀನನ್ನ ಹೊರಗೆ ಇಟ್ಟಿದ್ದಾರೆ. ಅಂದ್ರೆ ನಮ್ಮ ಕಡೆ ಹೊಲೆಯರ ವತನದ ಜಮೀನಿಗೆ ಪಿಟಿಸಿಎಲ್ ಕೊಡೆ ಇಲ್ಲ. ಇನ್ನೂರು ವರ್ಷ ಬಿಟ್ಟಿ ದುಡಿದು ಗಳಿಸಿದ ಜಮೀನು ಅದು.

"ಗುತ್ತಿಗೆ ಬಗ್ಗೆ ಹೇಳ್ತಾ ಜಮೀನಿಗೆ ಯಾಕೆ ಬಂದಿ" ಅಂತ ಕೇಳ್ತೀರಿ. ಸಾಲ್ವೆನ್ಸಿ ಅದಕ್ಕೆ ಉತ್ತರ. ಗುತ್ತಿಗೆದಾರ ಆಗಬೇಕಂದ್ರೆ ನೋಂದಣಿಗೆ ಠೇವಣಿ ಇಡು, ದರ್ಜೆ ಮೇಲಾದಂಗೆ ಬ್ಯಾಂಕಿನ ಸಾಲ್ವೆನ್ಸಿ ಸರ್ಟಿಫಿಕೇಟ್ ತಾ, ಹಿಂದೆ ಇಂತಿಷ್ಟು ಮೊತ್ತದ ಕೆಲಸ ಮಾಡಿದ ದಾಖಲೆ ತಾ. ಟೆಂಡರಿಗೆ ಇಎಂಡಿ. ಕೆಲಸ ಸಿಕ್ಕರೆ ಭದ್ರತಾ ಠೇವಣಿ. ಬಿಲ್ಲು ಬರೋ ತನಕ ಕೈಯಿಂದ ಖರ್ಚು. ಇದಕ್ಕೆಲ್ಲ ಆಧಾರ ಏನು? ಪಹಣಿ. ಹೊಲದ ಮೇಲೆ ಸಾಲ ಎತ್ತಿದವನು ಗುತ್ತಿಗೆದಾರನಾದ. ಹೊಲ ಕಳಕೊಂಡವನು ಅವನ ಹತ್ತಿರ ಕೂಲಿ ಆದ. ಯಾವ ಫಾರ್ಮಿನಲ್ಲೂ ಜಾತಿ ಕಾಲಂ ಇರಲಿಲ್ಲ, ಇರೋ ಜರೂರತ್ತೂ ಇರಲಿಲ್ಲ. ಅನುಭವದ ದಾಖಲೆಯ ಮಾತಂತೂ ನಗೆಪಾಟಲು. ಮೂವತ್ತು ವರ್ಷ ತೋಟ ಮಾಡಿದ ಮುದುಕನಿಗೆ ಅನುಭವ ಇಲ್ಲ. ಅವನನ್ನ ಕೂಲಿಗೆ ಕರೆದ ಹುಡುಗನಿಗೆ ಮೂರು ವರ್ಷದ ಅನುಭವ ಪ್ರಮಾಣಪತ್ರ ಇದೆ.

ಅಮೆರಿಕದ ಕಥೆ ಒಂದು ನೆನಪಾಗ್ತದೆ. ಅದೇ ಸಿ-27ರ ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿ ಜಪಾನಿನಿಂದ ಬಂದ ವಲಸಿಗರಿಗೆ ಹೊಲ ಕೊಳ್ಳೋದನ್ನ ನಿಷೇಧಿಸಿತು. ಹೊಲ ಇಲ್ಲದವರು ಲಾಸ್ ಏಂಜಲೀಸಿನ ಶ್ರೀಮಂತರ ಮನೆಮುಂದಿನ ತೋಟ ನೋಡಿಕೊಳ್ಳೋ ಕೆಲಸಕ್ಕಿಳಿದರು. ಕಡೆಗೆ 1955ರಲ್ಲಿ ತೋಟಗಾರರ ಒಕ್ಕೂಟವನ್ನೇ ಕಟ್ಟಿಕೊಂಡರು. ಅವರು ಯಾರದೋ ಗುತ್ತಿಗೆದಾರನ ಕೆಳಗಿನ ಕೂಲಿಯಾಗಿ ಉಳಿಯಲಿಲ್ಲ, ತಮ್ಮ ಗಿರಾಕಿಯನ್ನ ತಾವೇ ಹಿಡಿದರು. ನಮ್ಮಲ್ಲಿ ಅದಕ್ಕೂ ಅಡ್ಡಿ, ಮನೆಯಂಗಳಕ್ಕೆ ಕಾಲಿಡಬೇಕಲ್ಲ.

ಕೂಲಿಗಳಿಗೆ ಕಾನೂನು ಏನೂ ಕೊಟ್ಟಿಲ್ಲವಾ ಅಂದ್ರೆ, ಕೊಟ್ಟಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ. ಅದರ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಜನರನ್ನ ಇಟ್ಟುಕೊಳ್ಳೋ ಗುತ್ತಿಗೆದಾರ ಕಾರ್ಮಿಕ ಇಲಾಖೆಯಿಂದ ಲೈಸೆನ್ಸ್ ತಗೋಬೇಕಿತ್ತು, ಅವನು ಕೂಲಿ ಕೊಡದಿದ್ರೆ ಮೂಲ ಮಾಲೀಕ, ಅಂದ್ರೆ ಪುರಸಭೆಯಂಥ ಸಂಸ್ಥೆ, ಕೊಡಬೇಕು. ಚಲೋ ಕಾನೂನು. ಆದ್ರೆ ಒಂದು ಸಣ್ಣ ಊರಿನ ಪಾರ್ಕಿಗೆ 20 ಜನ ಎಲ್ಲಿ ಬೇಕು? ಆರು ಜನ, ಎಂಟು ಜನ. ಗಂಡಸರು ಇಬ್ಬರು, ಉಳಿದವರು ಕಳೆ ಕೀಳೋ ಹೆಣ್ಣುಮಕ್ಕಳು. ಲೈಸೆನ್ಸಿನ ಲೆಕ್ಕಕ್ಕೇ ಬರೋದಿಲ್ಲ. 2020ರ ಹೊಸ ಸಂಹಿತೆ ಆ ಮಿತಿಯನ್ನ 50ಕ್ಕೆ ಏರಿಸಿಬಿಟ್ಟಿತು. 2017ರ ಸುಮಾರಿಗೆ ಪೌರಕಾರ್ಮಿಕರ ಹೋರಾಟ ಗೆದ್ದು ಗುತ್ತಿಗೆ ಪದ್ಧತಿ ತೆಗೆದು ನೇರ ಪಾವತಿ ಶುರುವಾಯ್ತಲ್ಲ, ಅದು ರಸ್ತೆ ಗುಡಿಸುವವರಿಗೆ. ವಾಹನ ಚಾಲಕರು, ಲೋಡರ್‌ಗಳು ಹೊರಗುಳಿದರು. ಪಾರ್ಕಿನಲ್ಲಿ ಕಳೆ ಕೀಳೋ ಅಕ್ಕಂದಿರ ಮಾತು ಯಾರ ಬಾಯಲ್ಲೂ ಬರಲಿಲ್ಲ. ಒಂದೇ ಪುರಸಭೆ, ಒಂದೇ ಕೇರಿಯ ಇಬ್ಬರು, ರಸ್ತೆ ಗುಡಿಸುವವಳು ಒಂದು ಪಟ್ಟಿಯಲ್ಲಿ, ಗೇಟಿನ ಒಳಗೆ ಎಲೆ ಗುಡಿಸುವವಳು ಯಾವ ಪಟ್ಟಿಯಲ್ಲೂ ಇಲ್ಲ.

ಈಗ ಟೆಂಡರ್ ಮೀಸಲಾತಿ. ಇಲ್ಲಿ ನಿಧಾನಕ್ಕೆ ಓದ್ರಿ, ನಮ್ಮ ಹುಡುಗರ ಪ್ರಶ್ನೆಯ ಗಂಟು ಇಲ್ಲೇ ಇರೋದು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಕೆಟಿಪಿಪಿ, 1999ರದು. ಟೆಂಡರ್ ಇಲ್ಲದೆ ಸರ್ಕಾರಿ ಕೆಲಸ ಕೊಡಬಾರದು ಅನ್ನೋದು ಅದರ ಮೂಲ. 2002ರ ಭೋಪಾಲ್ ಘೋಷಣೆಯಂಥವು ಇನ್ನೂ ಇಲ್ಲದಿದ್ದಾಗ ಪಾರದರ್ಶಕತೆ ಅಂದ್ರೆ ಎಲ್ಲರಿಗೂ ಒಂದೇ ಬಾಗಿಲು ಅಷ್ಟೆ. ಬಾಗಿಲ ತನಕ ಯಾರು ಬರಬಲ್ಲರು ಅನ್ನೋದು ಕಾನೂನಿನ ತಲೆನೋವಲ್ಲ. ಭೋಪಾಲಿನಲ್ಲಿ ದಲಿತ ಚಿಂತಕರು ಕೂತು ಸರ್ಕಾರಿ ಖರೀದಿಯಲ್ಲಿ ಪಾಲು ಬೇಕು ಅಂತ ಚರ್ಚೆ ಎಬ್ಬಿಸಿದ ಮೇಲೆ ದೇಶದಲ್ಲಿ ಈ ಮಾತು ಗಟ್ಟಿಯಾಯ್ತು. 2012ರಲ್ಲಿ ಕೇಂದ್ರ ಸರ್ಕಾರ ತನ್ನ ಖರೀದಿಯಲ್ಲಿ ಶೇ. 4 ಪರಿಶಿಷ್ಟರ ಸಣ್ಣ ಉದ್ದಿಮೆಗಳಿಂದ ಅಂತ ಆದೇಶ ಮಾಡಿತು. ಕರ್ನಾಟಕದಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರದ ಹೊತ್ತಿನಲ್ಲಿ ಕೆಟಿಪಿಪಿಗೆ ತಿದ್ದುಪಡಿ ಬಂತು: 50 ಲಕ್ಷದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ದೊಡ್ಡ ಹೆಜ್ಜೆ, ಸಂಶಯ ಬೇಡ. ಎಷ್ಟೋ ಹುಡುಗರು ಅದರಿಂದಲೇ ನಾಲ್ಕನೇ ದರ್ಜೆ ಲೈಸೆನ್ಸ್ ಮಾಡಿಸಿ ತಲೆ ಎತ್ತಿದರು.

ಆದ್ರೆ "ಕಾಮಗಾರಿ" ಅನ್ನೋ ಶಬ್ದ ನೋಡ್ರಿ. ಒಂದು ಪಾರ್ಕು ತಗೊಳ್ರಿ. ಕಂಪೌಂಡ್ ಗೋಡೆ, ಪೇವರ್ಸ್, ವಾಕಿಂಗ್ ಟ್ರ್ಯಾಕ್, ಕಾರಂಜಿ, ಗೇಟು, ಓಪನ್ ಜಿಮ್ಮಿನ ಅಡಿಪಾಯ, ಇವು ಕಾಮಗಾರಿ. ಗಿಡಕ್ಕೆ ನೀರು, ಕತ್ತರಿ, ಗೊಬ್ಬರ, ಲಾನ್ ಕಟಾವು, ಕಳೆ, ವರ್ಷವಿಡೀ ನಿರ್ವಹಣೆ, ಇದು ಸೇವೆ. ಗಿಡ, ಮಣ್ಣು, ಗೊಬ್ಬರ ತಂದು ಹಾಕೋದು ಸರಕು. ಮೀಸಲಾತಿ ಇದ್ದದ್ದು ಕಾಮಗಾರಿಗೆ. ಅಂದ್ರೆ ಪಾರ್ಕಿನ ಸಿಮೆಂಟಿಗೆ ಮೀಸಲಾತಿ, ಪಾರ್ಕಿನ ಹಸಿರಿಗೆ ಇಲ್ಲ. ನಮ್ಮವರಿಗೆ ಕೈ ಬರೋ ಕೆಲಸ, ಬಂಡವಾಳ ಕಡಿಮೆ ಬೇಡೋ ಕೆಲಸ, ತಿಂಗಳು ತಿಂಗಳು ಬಿಲ್ಲು ಬರೋ ಕೆಲಸ ಯಾವುದೋ ಅದೇ ಹೊರಗೆ. ಬೇಕಂತಲೇ ಮಾಡಿದರು ಅಂತ ನಾನು ಹೇಳೋದಿಲ್ಲ. ಕಾನೂನು ಬರೆಯುವವರ ತಲೆಯಲ್ಲಿ ಗುತ್ತಿಗೆ ಅಂದ್ರೆ ರಸ್ತೆ, ಸೇತುವೆ. ತೋಟದ ಕೆಲಸ ಅವರಿಗೆ ಗುತ್ತಿಗೆಯಾಗಿ ಕಂಡಿಲ್ಲ, ಆಳಿನ ಕೆಲಸವಾಗಿ ಕಂಡಿದೆ.

ಈ ತೂತು ಮುಚ್ಚೋ ಅವಕಾಶ 2025ರಲ್ಲಿ ಬಂತು. ಮಾರ್ಚಿನ ಬಜೆಟ್ಟಿನಲ್ಲಿ ಕಾಮಗಾರಿಗೆ 2 ಕೋಟಿ, ಸರಕು ಮತ್ತು ಸೇವೆಗೆ 1 ಕೋಟಿ ತನಕ ಮೀಸಲಾತಿ ಅಂತ ಘೋಷಣೆ ಆಯ್ತು. ಅದೇ ತಿಂಗಳು ಮಸೂದೆ ಪಾಸು. ಆದ್ರೆ ಅದೇ ಮಸೂದೆಯಲ್ಲಿ ಪ್ರವರ್ಗ 2ಬಿಗೆ, ಅಂದ್ರೆ ಮುಸ್ಲಿಮರಿಗೆ, ಶೇ. 4 ಇತ್ತು. ಟಿವಿ ಚಾನೆಲ್ಲುಗಳು ವಾರಗಟ್ಟಲೆ ಅದನ್ನೇ ಕುಟ್ಟಿದವು. ಸೇವೆಗಳಲ್ಲಿ ದಲಿತರಿಗೆ ಮೊದಲ ಸಲ ಪಾಲು ಸಿಗ್ತದೆ ಅನ್ನೋ ಒಂದು ಸಾಲು ಯಾರೂ ಹೇಳಲಿಲ್ಲ. ಏಪ್ರಿಲಿನಲ್ಲಿ ರಾಜ್ಯಪಾಲರು ಮಸೂದೆಯನ್ನ ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಮುಸ್ಲಿಮರ ಪಾಲಿಗೆ ತಡೆ ಹಾಕಿದ್ವಿ ಅಂತ ಪಟಾಕಿ ಹಚ್ಚಿದವರಲ್ಲಿ ನಮ್ಮ ಕೇರಿ ಹುಡುಗರೂ ಇದ್ದರು. ತಮ್ಮಾ, ಅದೇ ಕವರಿನಲ್ಲಿ ನಿನ್ನ ಪಾರ್ಕಿನ ಟೆಂಡರೂ ದಿಲ್ಲಿಗೆ ಹೋಯ್ತು.

ಇರೋ ಮೀಸಲಾತಿಯನ್ನ ತಪ್ಪಿಸೋ ದಾರಿಗಳೂ ಗೊತ್ತಿರಲಿ. ಒಂದು, ಪ್ಯಾಕೇಜ್. ಹತ್ತು ಸಣ್ಣ ಕೆಲಸ ಒಟ್ಟು ಕಟ್ಟಿ ಮಿತಿ ದಾಟಿಸೋದು. ರಾಜ್ಯದ ಪರಿಶಿಷ್ಟ ಗುತ್ತಿಗೆದಾರರು ಮತ್ತೆ ಮತ್ತೆ ಎತ್ತಿರೋ ದೂರು ಇದು. ಎರಡು, ಕೆಟಿಪಿಪಿಯ 4(ಜಿ) ವಿನಾಯಿತಿ. ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರಗಳಿಗೆ ಟೆಂಡರ್ ಇಲ್ಲದೆ ಕೆಲಸ ಹೋಗೋದು ಈ ಬಾಗಿಲಿನಿಂದ. ಟೆಂಡರೇ ಇಲ್ಲದ ಮೇಲೆ ಮೀಸಲಾತಿ ಎಲ್ಲಿಂದ? ಮೂರನೇದು ನಮ್ಮೊಳಗಿನದು, ಹೇಳೋಕೆ ಮುಜುಗರ ಆದ್ರೂ ಹೇಳಬೇಕು. ಲೈಸೆನ್ಸ್ ಬಾಡಿಗೆ. ನಮ್ಮವನ ಹೆಸರಲ್ಲಿ ಟೆಂಡರ್, ಇನ್ನೊಬ್ಬರ ದುಡ್ಡು, ಇನ್ನೊಬ್ಬರ ಜೆಸಿಬಿ, ನಮ್ಮವನಿಗೆ ಸಹಿಗಿಷ್ಟು ಅಂತ ಶೇಕಡಾ ಲೆಕ್ಕ. ಬೈಯೋದು ಸುಲಭ. ಬಿಲ್ಲು ಆರು ತಿಂಗಳು ತಡ ಆದ್ರೆ, 2021ರಲ್ಲಿ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ದೂರಿದಂಥ ಪರ್ಸೆಂಟೇಜ್ ಕಾಟ ಇದ್ರೆ, ಕೈಯಲ್ಲಿ ಬಂಡವಾಳ ಇಲ್ಲದವನು ಏನು ಮಾಡಬೇಕು? ಬಾಡಿಗೆಗೆ ಕೊಡೋನನ್ನ ಮಾತ್ರ ಹಿಡಿದು, ತಗೊಳ್ಳೋನನ್ನ ಬಿಡೋದು ನ್ಯಾಯ ಅಲ್ಲ.

ಈ ಕೆಲಸಕ್ಕೆ ಇಳಿಯೋರಿಗೆ ನನಗೆ ತಿಳಿದಷ್ಟು ಹೇಳ್ತೀನಿ. ಸಂವಿಧಾನದ 74ನೇ ತಿದ್ದುಪಡಿ ತಂದ 12ನೇ ಅನುಸೂಚಿಯ 12ನೇ ಬಾಬ್ತು ನೋಡ್ರಿ: ಉದ್ಯಾನ, ತೋಟ, ಆಟದ ಮೈದಾನ ನಗರ ಸ್ಥಳೀಯ ಸಂಸ್ಥೆಯ ಕೆಲಸ. ಆ ಕೆಲಸಗಳಿಗೆ ಪುರಸಭೆಗೆ ಬರೀ ಸೇವೆ, ಅಂದ್ರೆ ಆಳು-ಕೆಲಸ ಮಾತ್ರ ಕೊಟ್ಟರೆ, 2017ರ 12ನೇ ನಂಬರಿನ ಜಿಎಸ್‌ಟಿ ಅಧಿಸೂಚನೆಯಲ್ಲಿ ತೆರಿಗೆ ವಿನಾಯಿತಿ ಇದೆ. ಗಿಡ-ಗೊಬ್ಬರ ಸೇರಿಸಿದ್ರೂ ಸರಕಿನ ಪಾಲು ಶೇ. 25 ದಾಟಬಾರದು. ಇದು ಗೊತ್ತಿಲ್ಲದೆ ಎಷ್ಟೋ ಜನ "ಜಿಎಸ್‌ಟಿ ಕಟ್ಟೋಕೆ ಆಗಲ್ಲ" ಅಂತ ಹಿಂದೆ ಸರೀತಾರೆ. ಟೆಂಡರ್ ಹಾಕೋ ಮುಂಚೆ ಒಬ್ಬ ಸಿಎ ಹತ್ತಿರ ಕೂತು ಖಾತ್ರಿ ಮಾಡ್ಕೊಳ್ರಿ. ಮರದ ಟೊಂಗೆಗೆ ಕೊಡ್ಲಿ ಹಾಕೋ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಪತ್ರದ ನಕಲು ನಿಮ್ಮ ಕಿಸೆಯಲ್ಲಿರಲಿ. "ಸಾಹೇಬರು ಹೇಳ್ಯಾರ" ಅನ್ನೋ ಬಾಯಿಮಾತಿಗೆ ಕಡಿದರೆ ಕೇಸು ಬೀಳೋದು ಕೊಡ್ಲಿ ಹಿಡಿದವನ ಮೇಲೆ. ಒಬ್ಬೊಬ್ಬರೇ ಠೇವಣಿ ಕಟ್ಟೋಕೆ ಆಗದಿದ್ರೆ ಕೂಲಿಕಾರರ ಗುತ್ತಿಗೆ ಸಹಕಾರ ಸಂಘ ಅನ್ನೋ ಹಳೇ ದಾರಿ ಇದೆ. ಮುಂಬೈ ಪ್ರಾಂತ್ಯದಲ್ಲಿ 1947ರ ಸುಮಾರಿಗೆ ಕಾಡಿನ ಗುತ್ತಿಗೆದಾರರನ್ನ ತೆಗೆದು ಆದಿವಾಸಿ ಕೂಲಿಗಳ ಸಂಘಗಳಿಗೇ ಕೂಪು ಕೊಟ್ಟದ್ದು ಇದೇ ರೀತಿ. ಕಾಡಿಗೆ ಆಗಿದ್ದು ಪಾರ್ಕಿಗೆ ಯಾಕಾಗಬಾರದು?

ಸದ್ಯಕ್ಕೆ ಒಂದು ಕೆಲಸ ಮಾಡೋಣ. ತೇರದಾಳ, ರಬಕವಿ-ಬನಹಟ್ಟಿ, ಮಹಾಲಿಂಗಪುರ, ಜಮಖಂಡಿ, ಮುಧೋಳ, ಬೀಳಗಿ, ನಿಮ್ಮ ನಿಮ್ಮ ಸ್ಥಳೀಯ ಸಂಸ್ಥೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ ಇರಬೇಕು, ಅದಕ್ಕೇ ಪ್ರಶ್ನೆ ಬಿಡಿಬಿಡಿಯಾಗಿ ಹಾಕ್ರಿ. ಮೊದಲನೇ ಅರ್ಜಿ: ಕಳೆದ ಐದು ವರ್ಷದಲ್ಲಿ ಉದ್ಯಾನ ಅಭಿವೃದ್ಧಿ ಮತ್ತು ನಿರ್ವಹಣೆಗೆ ಕರೆದ ಟೆಂಡರುಗಳು, ಮೊತ್ತ, ಯಾರಿಗೆ ಸಿಕ್ಕಿತು, ಅದರಲ್ಲಿ ಕಾಮಗಾರಿ ಎಷ್ಟು, ಸೇವೆ ಎಷ್ಟು. ಎರಡನೇದು: ಕೆಟಿಪಿಪಿ ಮೀಸಲಾತಿಯಲ್ಲಿ ಪರಿಶಿಷ್ಟರಿಗೆ ಮೀಸಲಿಟ್ಟ ಕಾಮಗಾರಿಗಳ ಪಟ್ಟಿ. ಮೂರನೇದು: ಟೆಂಡರ್ ಇಲ್ಲದೆ ಬೇರೆ ಏಜೆನ್ಸಿಗೆ ಕೊಟ್ಟ ಉದ್ಯಾನದ ಕೆಲಸಗಳು. ನಾಲ್ಕನೇದು: ಪಾರ್ಕುಗಳಲ್ಲಿ ದುಡಿಯೋ ಕೂಲಿಕಾರರ ಹಾಜರಿ ಪುಸ್ತಕ ಮತ್ತು ಪಿಎಫ್ ಕಟ್ಟಿದ ಚಲನ್. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ರೆ ಮೊದಲ ಮೇಲ್ಮನವಿ. ಕೂಲಿಕಾರರ ಹೆಸರು, ಫೋಟೋ ಫೇಸ್‌ಬುಕ್ಕಿಗೆ ಹಾಕಬ್ಯಾಡ್ರಿ, ನಾಳೆ ಅವರ ಕೆಲಸ ಹೋಗ್ತದೆ. ಉತ್ತರದ ಪ್ರತಿ ಮಾತ್ರ ಕಮೆಂಟಿನಲ್ಲಿ ಹಾಕ್ರಿ, ಊರು ಊರಿನ ಲೆಕ್ಕ ಒಟ್ಟಿಗೆ ಕೂಡಿಸೋಣ.

ಜೈ ಭೀಮ್.